ಮನಸ್ಸನ್ನು ಭಾರಗೊಳಿಸುವ ಮಂಗಾ: ಓದುವ ಬಗೆ, ಓದಿದ್ದನ್ನು ಹೇಳುವ ಬಗೆ

ಮಂಗಳೂರು, ಉಡುಪಿ, ಮಣಿಪಾಲಗಳಲ್ಲಿ ಜಪಾನಿನ ಚಿತ್ರಕಥೆಗಳಾದ ಮಂಗಾ ಓದುವ ತರುಣ ತರುಣಿಯರ ನಡುವೆ ಸ್ವಲ್ಪ ಹೊತ್ತು ಕುಳಿತರೆ ಒಂದು ಸಂಗತಿ ಬೇಗನೆ ಗಮನಕ್ಕೆ ಬರುತ್ತದೆ. ಸಾಹಸದ ಕಥೆಗಳ ಬಗ್ಗೆ ಗಂಟೆಗಟ್ಟಲೆ ಮಾತನಾಡುವವರೇ ಸಾವು, ಒಂಟಿತನ, ಮನೆಯೊಳಗಿನ ಹಿಂಸೆ, ಶಾಲೆಯ ಕಿರುಕುಳಗಳನ್ನು ಕುರಿತ ಕಥೆಯ ವಿಷಯ ಬಂದಾಗ ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ. ಒಬ್ಬರು ಎರಡು ದಿನ ಊಟ ಸೇರಲಿಲ್ಲ ಎನ್ನುತ್ತಾರೆ, ಇನ್ನೊಬ್ಬರು ಇಂಥದ್ದನ್ನು ಯಾಕಾದರೂ ಬರೆಯುತ್ತಾರೋ ಎನ್ನುತ್ತಾರೆ, ಅಲ್ಲಿಗೆ ಮಾತು ನಿಲ್ಲುತ್ತದೆ. ಎರಡೂ ಪ್ರಾಮಾಣಿಕವಾದ ಮಾತುಗಳೇ. ಆದರೆ ಎರಡರಲ್ಲೂ ಪುಸ್ತಕದ ಬಗ್ಗೆ ಇನ್ನೂ ಏನೂ ಹೇಳಿದಂತಾಗಿರುವುದಿಲ್ಲ. ಕಥೆಯ ಭಾರ ಗಾಳಿಯಲ್ಲಿ ತೇಲುವುದಿಲ್ಲ. ಅದು ಯಾವುದೋ ಒಂದು ಪುಟದಲ್ಲಿ, ಒಂದು ಚೌಕಟ್ಟಿನಲ್ಲಿ, ಚಿತ್ರಕಾರ ಎಳೆದ ಅಥವಾ ಎಳೆಯದೆ ಬಿಟ್ಟ ಗೆರೆಯಲ್ಲಿ ಕುಳಿತಿರುತ್ತದೆ. ಆ ಪುಟವನ್ನು ಹುಡುಕಿ ತೋರಿಸಬಲ್ಲವರ ಪ್ರತಿಕ್ರಿಯೆಗೆ ಬೆಲೆ ಬರುತ್ತದೆ, ಓದುವವರಿಗೂ ಅದರಿಂದ ಉಪಕಾರವಾಗುತ್ತದೆ. ಅದನ್ನು ಹುಡುಕುವುದು ಹೇಗೆ, ಹುಡುಕಿದ ಮೇಲೆ ಹೇಳುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲು ಪ್ರಯತ್ನಿಸಿದ್ದೇನೆ.

ಆಯ್ಕೆಯ ಹೊತ್ತಿನಲ್ಲಿ

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. ಶೋನೆನ್ (ಹುಡುಗರದು), ಶೋಜೋ (ಹುಡುಗಿಯರದು), ಸೇನೆನ್ (ವಯಸ್ಕ ಪುರುಷರದು) ಎಂಬ ವಿಂಗಡಣೆಗಳು ಯಾವ ಓದುಗರಿಗಾಗಿ ನಡೆಯುವ ಪತ್ರಿಕೆಯಲ್ಲಿ ಕಥೆ ಬಂದಿತು ಎಂಬುದನ್ನು ಮಾತ್ರ ಸೂಚಿಸುತ್ತವೆ. ಅವು ಸಿನೆಮಾದ ಸೆನ್ಸಾರ್ ಪ್ರಮಾಣಪತ್ರದಂತೆ ವಯಸ್ಸಿನ ಖಾತರಿಯಲ್ಲ. ಹಿರೋಷಿಮಾದ ಅಣುಬಾಂಬಿನ ಕಥೆಯಾದ ಕೇಜಿ ನಕಾಝಾವಾ ಅವರ ‘ಬೇರ್‌ಫುಟ್ ಗೆನ್’ 1973ರಲ್ಲಿ ಶುರುವಾದದ್ದು ಹುಡುಗರ ವಾರಪತ್ರಿಕೆಯಾದ ಶೋನೆನ್ ಜಂಪ್‌ನಲ್ಲಿ. ಕಿವಿ ಕೇಳದ ಹುಡುಗಿಯನ್ನು ಸಹಪಾಠಿಗಳು ಹಿಂಸಿಸುವ, ಆತ್ಮಹತ್ಯೆಯ ಪ್ರಯತ್ನವೂ ಬರುವ ಯೊಶಿತೋಕಿ ಓಯಿಮಾ ಅವರ ‘ಎ ಸೈಲೆಂಟ್ ವಾಯ್ಸ್’ 2013–14ರಲ್ಲಿ ಬಂದದ್ದು ಕೂಡ ಹುಡುಗರ ವಾರಪತ್ರಿಕೆಯಾದ ಶೋನೆನ್ ಮ್ಯಾಗಜೀನ್‌ನಲ್ಲಿಯೇ. ಆದ್ದರಿಂದ ಶೋನೆನ್ ಎಂದು ಬರೆದಿದೆ ಎಂಬ ಧೈರ್ಯದಿಂದ ಹನ್ನೊಂದು ವರ್ಷದ ತಮ್ಮನ ಕೈಗೆ ಪುಸ್ತಕ ಕೊಡುವುದು ಸರಿಯಲ್ಲ.

ಚಿತ್ರದ ಶೈಲಿಯನ್ನೂ ನಂಬಬಾರದು. ‘ತಕೋಪಿಸ್ ಒರಿಜಿನಲ್ ಸಿನ್’ ಎಂಬ ಎರಡೇ ಸಂಪುಟಗಳ ಕಥೆಯ ಮುಖ್ಯ ಪಾತ್ರ, ಮಕ್ಕಳ ಪುಸ್ತಕದಿಂದ ಎದ್ದು ಬಂದಂತಿರುವ ಗುಲಾಬಿ ಬಣ್ಣದ ಪುಟ್ಟ ಅನ್ಯಗ್ರಹಜೀವಿ. ಮೊದಲ ಅಧ್ಯಾಯ ಮುಗಿಯುವುದರೊಳಗೇ ಆ ಕಥೆ ಒಂದು ಮಗುವಿನ ಆತ್ಮಹತ್ಯೆಯನ್ನು ಓದುಗರ ಮುಂದಿಡುತ್ತದೆ. ಹಾಗಾಗಿ ಭಾರವಾದ ಕಥೆ ಎಂದು ಕೇಳಿದ್ದನ್ನು ಕೈಗೆತ್ತಿಕೊಳ್ಳುವ ಮುನ್ನ ಅದನ್ನು ಪೂರ್ತಿ ಓದಿದ ಒಬ್ಬರನ್ನಾದರೂ ಕೇಳಬೇಕು. ಕೇಳುವಾಗ ಕಥೆ ಏನು ಎಂದಲ್ಲ, ಅದರಲ್ಲಿ ಆತ್ಮಹತ್ಯೆ, ಲೈಂಗಿಕ ದೌರ್ಜನ್ಯ, ಮಕ್ಕಳ ಮೇಲಿನ ಹಿಂಸೆ, ಪ್ರಾಣಿಹಿಂಸೆ ಇವೆಯೇ ಎಂದು ನೇರವಾಗಿ ಕೇಳುವುದೇ ಒಳ್ಳೆಯದು. ಉತ್ತರದಿಂದ ಕಥೆಯ ರುಚಿ ಕೆಡುವುದಿಲ್ಲ. ಮನೆಯಲ್ಲಿ ಇತ್ತೀಚೆಗೆ ಸಾವಾಗಿದ್ದರೆ, ಪರೀಕ್ಷೆ ಹತ್ತಿರವಿದ್ದರೆ, ಪುಸ್ತಕ ಎಷ್ಟೇ ಶ್ರೇಷ್ಠವಾದರೂ ಆರು ತಿಂಗಳು ಕಾಯಬಹುದು. ಅದು ಎಲ್ಲಿಗೂ ಓಡಿಹೋಗುವುದಿಲ್ಲ.

ಓದಿನ ವೇಗ

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದೂ ಎಲ್ಲರೂ ಕಡೆಗಣಿಸುವುದೂ ಇದನ್ನೇ. ಈ ಕಥೆಗಳಲ್ಲಿ ಹೆಚ್ಚಿನವು ವಾರಕ್ಕೊಂದು ಅಧ್ಯಾಯದಂತೆ, ಇಲ್ಲವೇ ಹದಿನೈದು ದಿನಕ್ಕೋ ತಿಂಗಳಿಗೋ ಒಂದರಂತೆ ಹೊರಬಂದವು. ವಾರದ ಅಧ್ಯಾಯವೆಂದರೆ ಸಾಮಾನ್ಯವಾಗಿ ಇಪ್ಪತ್ತು ಪುಟಗಳ ಆಸುಪಾಸು. ಆ ಇಪ್ಪತ್ತು ಪುಟಗಳನ್ನು ಓದಿದ ಜಪಾನಿನ ಹುಡುಗ ಮುಂದಿನ ವಾರದವರೆಗೆ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಶಾಲೆಗೆ ಹೋಗುತ್ತಿದ್ದ, ಗೆಳೆಯರೊಂದಿಗೆ ವಾದ ಮಾಡುತ್ತಿದ್ದ. ‘ಅಶಿತಾ ನೋ ಜೋ’ ಎಂಬ ಬಾಕ್ಸಿಂಗ್ ಕಥೆಯಲ್ಲಿ ನಾಯಕನ ಎದುರಾಳಿ ರಿಕಿಇಶಿ ಸತ್ತಾಗ ಏನಾಯಿತೆಂಬುದು ಮಂಗಾ ಚರಿತ್ರೆಯ ಪ್ರಸಿದ್ಧ ಘಟನೆ. 1970ರ ಮಾರ್ಚ್ 24ರಂದು ಕವಿ, ನಾಟಕಕಾರ ಶೂಜಿ ತೆರಯಾಮಾ ಅವರ ಮುಂದಾಳತ್ವದಲ್ಲಿ ಟೋಕಿಯೊದ ಕೊದಾನ್ಶಾ ಪ್ರಕಾಶನದ ಕಟ್ಟಡದಲ್ಲೇ ಆ ಪಾತ್ರಕ್ಕೆ ಅಂತ್ಯಸಂಸ್ಕಾರದ ವಿಧಿ ನಡೆಯಿತು, ಸುಮಾರು 700 ಮಂದಿ ಸೇರಿದರು. ಕಾಗದದ ಮೇಲಿನ ಒಬ್ಬ ಮನುಷ್ಯನಿಗಾಗಿ ಅಷ್ಟು ಜನ ಬಂದುದಕ್ಕೆ ಕಥೆಯ ಬಲವೊಂದೇ ಕಾರಣವಲ್ಲ. ಅವರು ಅವನೊಂದಿಗೆ ವಾರ ವಾರವೂ ಬದುಕಿದ್ದರು, ದುಃಖ ಬಲಿಯಲು ಅವರಿಗೆ ಕಾಲಾವಕಾಶ ಸಿಕ್ಕಿತ್ತು.

ಈಗ ನಾವು ಓದುವ ಬಗೆ ಬೇರೆ. ಹದಿಮೂರು ಸಂಪುಟಗಳ ‘ಗುಡ್‌ನೈಟ್ ಪುನ್‌ಪುನ್’ ಕಥೆಯನ್ನು ಇನಿಯೋ ಅಸಾನೋ ಅವರು 2007ರಿಂದ 2013ರವರೆಗೆ ಬರೆದರು. ಅದನ್ನು ಇಲ್ಲಿನ ಹಾಸ್ಟೆಲ್ ಕೋಣೆಯಲ್ಲಿ ಎರಡು ರಾತ್ರಿಗಳಲ್ಲಿ ಓದಿ ಮುಗಿಸುವವರಿದ್ದಾರೆ. ಆರು ವರ್ಷಗಳಲ್ಲಿ ಹರಡಿಕೊಂಡಿದ್ದ ಭಾರವನ್ನು ಎರಡು ರಾತ್ರಿಗಳಲ್ಲಿ ತಲೆಯ ಮೇಲೆ ಹೊತ್ತರೆ ನೋವಿನ ಬದಲು ಮಂಕು ಕವಿಯುತ್ತದೆ. ಮೂರನೆಯ ದಿನ ಕೇಳಿದರೆ ಕಥೆಯ ನಡುವಿನ ಅರ್ಧ ಭಾಗ ನೆನಪಿನಲ್ಲಿರುವುದಿಲ್ಲ. ಆದ್ದರಿಂದ ದಿನಕ್ಕೆ ಒಂದು ಸಂಪುಟಕ್ಕಿಂತ ಹೆಚ್ಚು ಬೇಡ. ಸಂಪುಟವೊಂದರಲ್ಲಿ ಇನ್ನೂರರಷ್ಟು ಪುಟಗಳಿರುತ್ತವೆ, ಅಷ್ಟು ಸಾಕು. ಅಧ್ಯಾಯದ ಕೊನೆ ನಿಮ್ಮನ್ನು ಮುಂದಕ್ಕೆ ಎಳೆಯುವಂತೆಯೇ ರಚಿಸಲ್ಪಟ್ಟಿರುತ್ತದೆ. ಎಳೆತ ಅತ್ಯಂತ ಜೋರಾಗಿರುವ ಕಡೆಯಲ್ಲೇ ನಿಲ್ಲಿಸಿ ನೋಡಿ. ಮುಂದೇನು ಎಂದು ನೀವು ಊಹಿಸುವ ಆ ಅವಧಿಯಲ್ಲಿಯೇ ಪಾತ್ರದ ಮೇಲಿನ ನಿಮ್ಮ ಪ್ರೀತಿ ಎಷ್ಟೆಂಬುದು ನಿಮಗೆ ತಿಳಿಯುತ್ತದೆ.

ಓದುವ ಜಾಗವೂ ಲೆಕ್ಕಕ್ಕೆ ಬರುತ್ತದೆ. ಉಡುಪಿಯಿಂದ ಮಂಗಳೂರಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ, ಪಕ್ಕದವರ ಮೊಣಕೈ ತಾಗುತ್ತಿರುವಾಗ, ಕಂಡಕ್ಟರ್ ಪಡುಬಿದ್ರಿ, ಮುಲ್ಕಿ, ಸುರತ್ಕಲ್ ಎಂದು ಕೂಗುತ್ತಿರುವಾಗ ಮಂಗಾ ಓದುವ ಅಭ್ಯಾಸ ಅನೇಕರಿಗಿದೆ. ಹಗುರ ಕಥೆಗೆ ಅದು ಸೊಗಸಾದ ಸಮಯ. ಭಾರದ ಕಥೆಗೆ ಅದು ಎರಡು ಕಾರಣಗಳಿಂದ ಸಲ್ಲದು. ಮೊದಲನೆಯದಾಗಿ, ಕಣ್ಣು ತುಂಬಿ ಬಂದರೆ ಅಲ್ಲಿ ಅದನ್ನು ತಡೆಹಿಡಿಯಬೇಕಾಗುತ್ತದೆ, ತಡೆಹಿಡಿದ ಮೇಲೆ ಆ ಪುಟ ನಿಮ್ಮೊಳಗೆ ಪೂರ್ತಿಯಾಗಿ ಇಳಿಯುವುದಿಲ್ಲ. ಎರಡನೆಯದು ಮೊಬೈಲಿನ ಪರದೆಗೆ ಸಂಬಂಧಿಸಿದ್ದು. ಮಂಗಾ ಬಲದಿಂದ ಎಡಕ್ಕೆ ಸಾಗುತ್ತದೆ, ಪುಸ್ತಕ ತೆರೆದಾಗ ಎದುರುಬದುರಾಗಿ ಕಾಣುವ ಎರಡು ಪುಟಗಳನ್ನು ಒಟ್ಟಿಗೆ ನೋಡಬೇಕೆಂದು ಚಿತ್ರಕಾರ ಯೋಜಿಸಿರುತ್ತಾನೆ. ಎಡಪುಟದ ಕೆಳತುದಿಯ ಚೌಕಟ್ಟಿನಲ್ಲಿ ಪಾತ್ರವೊಂದು ಬಾಗಿಲಿನತ್ತ ತಿರುಗುತ್ತದೆ, ಹಾಳೆ ಮಗುಚಿದಾಗ ಬಾಗಿಲ ಹಿಂದಿನದು ಎರಡು ಪುಟಗಳ ಅಗಲಕ್ಕೆ ಎದುರಾಗುತ್ತದೆ. ಲಂಬವಾಗಿ ಹಿಡಿದ ಫೋನಿನಲ್ಲಿ ಆ ದೊಡ್ಡ ಚಿತ್ರ ಎರಡು ತುಂಡಾಗುತ್ತದೆ, ಆಘಾತದ ಅರ್ಧ ಸೋರಿಹೋಗುತ್ತದೆ. ಮುದ್ರಿತ ಪುಸ್ತಕ ಸಿಗದಿದ್ದರೆ ಫೋನನ್ನು ಅಡ್ಡ ಹಿಡಿದು ಜೋಡಿಪುಟಗಳಾಗಿ ನೋಡಿ, ಸಾಧ್ಯವಾದರೆ ಮನೆಯಲ್ಲಿ ಲ್ಯಾಪ್‌ಟಾಪಿನಲ್ಲಿ ಓದಿ.

ಮಾತಿಲ್ಲದ ಪುಟಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಶುಝೋ ಒಶಿಮಿ ಅವರ ‘ಬ್ಲಡ್ ಆನ್ ದ ಟ್ರ್ಯಾಕ್ಸ್’ ಒಬ್ಬ ತಾಯಿ ಮತ್ತು ಅವಳ ಮಗನ ಕಥೆ. 2017ರಿಂದ 2023ರವರೆಗೆ ಬಂದ ಅದರ ಹದಿನೇಳು ಸಂಪುಟಗಳಲ್ಲಿ ಪುಟಗಟ್ಟಲೆ ಸಂಭಾಷಣೆಯೇ ಇಲ್ಲದ ಭಾಗಗಳಿವೆ: ತಾಯಿಯ ಮುಖ, ಮತ್ತೆ ತಾಯಿಯ ಮುಖ, ತುಟಿಯ ಒಂದು ಸಣ್ಣ ಚಲನೆ, ಮಗನ ಬೆವರಿದ ಕತ್ತು. ಓದಲು ಅಕ್ಷರವಿಲ್ಲದ್ದರಿಂದ ಬೆರಳು ತಾನಾಗಿ ಮುಂದೆ ಸರಿಯುತ್ತದೆ, ಹತ್ತು ನಿಮಿಷದಲ್ಲಿ ಅರ್ಧ ಸಂಪುಟ ಮುಗಿದಿರುತ್ತದೆ. ಆ ಮುಖದಲ್ಲಿ ಬದಲಾದದ್ದೇನು ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಇದಕ್ಕೊಂದು ಸುಲಭ ಉಪಾಯವಿದೆ. ಮಾತು ತುಂಬಿದ ಒಂದು ಚೌಕಟ್ಟನ್ನು ಓದಲು ನಿಮಗೆ ಎಷ್ಟು ಹೊತ್ತು ಬೇಕೋ ಮಾತಿಲ್ಲದ ಚೌಕಟ್ಟನ್ನೂ ಅಷ್ಟು ಹೊತ್ತು ನೋಡಿ. ಈ ಕಥೆಯಲ್ಲಿ ಹುಡುಗನಿಗೆ ಆಗುವ ಉಸಿರುಕಟ್ಟುವಿಕೆ ಓದುಗನಿಗೂ ಆಗುವುದು ಆ ನಿಧಾನದಲ್ಲಿ ಮಾತ್ರ.

ಪುಟವನ್ನು ಹುಡುಕುವುದು

ಕೊನೆಯ ಸಂಪುಟ ಮುಚ್ಚಿದ ರಾತ್ರಿಯೇ ತೀರ್ಪು ಕೊಡಬೇಡಿ. ಅಂದು ಬರೆದದ್ದರಲ್ಲಿ ಉದ್ಗಾರಗಳೇ ಹೆಚ್ಚಿರುತ್ತವೆ. ಮರುದಿನವೋ ಎರಡು ದಿನ ಬಿಟ್ಟೋ ಪುಸ್ತಕವನ್ನು ಮತ್ತೆ ತೆರೆದು, ಎದೆ ಧಸಕ್ಕೆಂದ ಜಾಗ ಯಾವುದೆಂದು ಹುಡುಕಿ. ಅದು ನೀವು ನೆನಪಿಟ್ಟುಕೊಂಡ ಜಾಗವೇ ಆಗಿರಬೇಕೆಂದಿಲ್ಲ. ಸಾವಿನ ದೃಶ್ಯ ಎಂದುಕೊಂಡಿದ್ದವರು ಹುಡುಕುತ್ತ ಹೋಗಿ, ನಿಜವಾಗಿ ಮನಸ್ಸು ಕಲಕಿದ್ದು ಅದಕ್ಕಿಂತ ಒಂದು ಅಧ್ಯಾಯ ಹಿಂದಿನ ಖಾಲಿ ಊಟದ ಮೇಜಿನ ಚಿತ್ರ ಎಂದು ಕಂಡುಕೊಳ್ಳುವುದುಂಟು.

‘ಎ ಸೈಲೆಂಟ್ ವಾಯ್ಸ್’ ಕಥೆಯನ್ನೇ ಹತ್ತಿರದಿಂದ ನೋಡೋಣ. ಆರನೆಯ ತರಗತಿಯಲ್ಲಿ ಶೋಕೋ ನಿಶಿಮಿಯಾಳನ್ನು ಹಿಂಸಿಸಿದ ಶೋಯಾ ಇಶಿದಾ ಆಮೇಲೆ ತಾನೇ ತರಗತಿಯಲ್ಲಿ ಒಂಟಿಯಾಗುತ್ತಾನೆ. ಹೈಸ್ಕೂಲಿಗೆ ಬರುವ ಹೊತ್ತಿಗೆ ಅವನಿಗೆ ಯಾರ ಮುಖವನ್ನೂ ನೋಡಲಾಗುವುದಿಲ್ಲ. ಓಯಿಮಾ ಇದನ್ನು ಮಾತಿನಲ್ಲಿ ವಿವರಿಸಿ ಬಿಡುವುದಿಲ್ಲ. ತರಗತಿಯ ಪ್ರತಿಯೊಬ್ಬರ ಮುಖದ ಮೇಲೂ ದಪ್ಪನೆಯ ಒಂದು ಗುಣಾಕಾರ ಚಿಹ್ನೆ ಅಂಟಿಸಿದಂತೆ ಬರೆಯುತ್ತಾರೆ. ಪುಟಗಟ್ಟಲೆ ಹಾಗೆಯೇ ಸಾಗುತ್ತದೆ. ನಾಗಾತ್ಸುಕಾ ಎಂಬ ದಡೂತಿ ಹುಡುಗ ಅವನ ಗೆಳೆಯನಾಗುವ ಗಳಿಗೆಯಲ್ಲಿ ಆ ಚಿಹ್ನೆ ಮುಖದಿಂದ ಕಳಚಿ ಕೆಳಗೆ ಬೀಳುತ್ತದೆ. ಇಷ್ಟನ್ನು ಓದಿದವರಲ್ಲಿ ಒಬ್ಬರು “ಬಹಳ ಬೇಸರದ ಕಥೆ, ಗೆಳೆತನದ ಭಾಗ ಚೆನ್ನಾಗಿದೆ” ಎನ್ನಬಹುದು. ಇನ್ನೊಬ್ಬರು “ಆ ಚಿಹ್ನೆ ಬಿದ್ದಾಗಲೇ ನನಗೆ ಗೊತ್ತಾದದ್ದು, ಅಲ್ಲಿಯವರೆಗೆ ನಾನೂ ಆ ತರಗತಿಯ ಒಬ್ಬರ ಮುಖವನ್ನೂ ನೋಡುವ ಪ್ರಯತ್ನ ಮಾಡಿರಲಿಲ್ಲ” ಎನ್ನಬಹುದು. ಎರಡನೆಯ ಮಾತು ಕೇಳಿದವನಿಗೆ ಪುಸ್ತಕವನ್ನು ಮತ್ತೆ ತೆರೆಯಬೇಕೆನಿಸುತ್ತದೆ.

ಹಾಗೆಯೇ ‘ಪುನ್‌ಪುನ್’. ಅಸಾನೋ ಅವರು ಮನೆ, ರಸ್ತೆ, ವಿದ್ಯುತ್ ತಂತಿಗಳನ್ನು ಛಾಯಾಚಿತ್ರದಷ್ಟು ಸೂಕ್ಷ್ಮವಾಗಿ ಬರೆದು, ಅವುಗಳ ನಡುವೆ ನಾಯಕನನ್ನೂ ಅವನ ಮನೆಯವರನ್ನೂ ಮಾತ್ರ ಮಗು ಗೀಚಿದಂಥ ಹಕ್ಕಿಯ ರೂಪದಲ್ಲಿ ಇಡುತ್ತಾರೆ. ಮನೆಯ ಹೊರಗಿನ ಉಳಿದವರಿಗೆ ಸಾಮಾನ್ಯ ಮನುಷ್ಯರ ಮುಖವಿದೆ, ಅವನಿಗಿಲ್ಲ. ಕಥೆ ಕತ್ತಲಾಗುತ್ತ ಹೋದಂತೆ ಅವನ ಆ ರೂಪವೂ ಬದಲಾಗುತ್ತದೆ. ಯಾವ ಘಟನೆಯ ನಂತರ ಯಾವ ರೂಪ ಎಂದು ಗುರುತಿಸುತ್ತ ಹೋದ ಓದುಗನಿಗೆ ತನ್ನ ಅಸಹ್ಯ ಎಲ್ಲಿ ಶುರುವಾಯಿತು, ಕರುಣೆ ಎಲ್ಲಿ ಮುಗಿಯಿತು ಎಂಬುದನ್ನು ಪುಟಸಂಖ್ಯೆಯೊಂದಿಗೆ ಹೇಳಲು ಬರುತ್ತದೆ.

ಇದಕ್ಕಾಗಿ ನಾನು ಸೂಚಿಸುವ ವಿಧಾನ ಸರಳವಾದದ್ದು. ಒಂದು ಹಾಳೆಯ ಮೇಲೆ ಮೊದಲು ಆ ಪುಟದಲ್ಲಿ ನಡೆದದ್ದೇನು ಎಂಬುದನ್ನು ಬರೆಯಿರಿ. ಅನಂತರ ಅದನ್ನು ತೋರಿಸಲು ಚಿತ್ರಕಾರ ಮಾಡಿದ್ದೇನು ಎಂಬುದನ್ನು ಬರೆಯಿರಿ: ಮುಖ ಹತ್ತಿರ ಬಂತೇ, ಹಿನ್ನೆಲೆ ಮಾಯವಾಯಿತೇ, ಶಬ್ದಸೂಚಕ ಅಕ್ಷರಗಳು ನಿಂತವೇ, ಚೌಕಟ್ಟಿನ ಗೆರೆ ಒಡೆಯಿತೇ. ಕೊನೆಗೆ ಅದು ನಿಮ್ಮ ಸ್ವಂತ ಬದುಕಿನ ಯಾವುದನ್ನು ಎಬ್ಬಿಸಿತು ಎಂಬುದನ್ನು ಬರೆಯಿರಿ. ಈ ಮೂರನ್ನೂ ಬೇರೆಬೇರೆಯಾಗಿಯೇ ಇಡಬೇಕು. ಮೊದಲನೆಯದರಲ್ಲೇ ನಿಂತರೆ ಅದು ಕಥಾಸಾರಾಂಶವಾಗುತ್ತದೆ. ಮೂರನೆಯದಕ್ಕೆ ನೇರವಾಗಿ ಹಾರಿದರೆ ಪುಸ್ತಕ ನಿಮ್ಮ ಆತ್ಮಕಥೆಗೆ ನೆಪವಾಗುತ್ತದೆ. ನಡುವಿನದನ್ನು ಬರೆಯುವುದು ಮೊದಮೊದಲು ಕಷ್ಟ, ಆದರೆ ಪ್ರತಿಕ್ರಿಯೆಯ ತಿರುಳು ಇರುವುದು ಅಲ್ಲಿಯೇ. ಮೂರನೆಯ ಭಾಗವನ್ನು ಯಾರಿಗೂ ತೋರಿಸಬೇಕಾಗಿಲ್ಲ. ಆದರೂ ಬರೆದಿಡಿ, ಏಕೆಂದರೆ ಬರೆಯದೆ ಬಿಟ್ಟರೆ ಅದು ಉಳಿದೆರಡರೊಳಗೆ ನುಸುಳಿ ನಿಮ್ಮ ತೀರ್ಪನ್ನು ವಾಲಿಸುತ್ತದೆ.

ಕುಳಿತು ಮಾತನಾಡುವುದು

ಕರಾವಳಿಯವರಾದ ನಮಗೆ ಈ ವಿಷಯದಲ್ಲಿ ಒಂದು ಆಸ್ತಿಯಿದೆ, ಅದನ್ನು ಮಂಗಾ ಓದುವ ತರುಣರು ಬಳಸಿಕೊಳ್ಳಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ಮೇ ತಿಂಗಳ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದುದ್ದಕ್ಕೂ ಮನೆಗಳಲ್ಲಿ, ದೇವಸ್ಥಾನಗಳಲ್ಲಿ, ಸಭಾಭವನಗಳಲ್ಲಿ ತಾಳಮದ್ದಳೆ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಕುಳಿತು ಪಾತ್ರವೇ ತಾವಾಗಿ ವಾದಿಸುತ್ತಾರೆ. ‘ವಾಲಿವಧೆ’ಯಲ್ಲಿ ಮರೆಯಿಂದ ಬಂದ ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವಾಗ, ಸಮರ್ಥ ಅರ್ಥಧಾರಿಯಿದ್ದರೆ, ರಾಮಭಕ್ತರೇ ತುಂಬಿದ ಸಭೆ ವಾಲಿಯ ನೋವಿಗೆ ಕಿವಿಗೊಡುತ್ತದೆ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನೆಂಬುದನ್ನು ಸಭೆ ಮರೆತಿರುವುದಿಲ್ಲ, ಕ್ಷಮಿಸಿಯೂ ಇರುವುದಿಲ್ಲ. ಆದರೂ ಅವನ ಮಾತು ಮುಗಿಯುವವರೆಗೆ ಕಾಯುತ್ತದೆ.

ಕರಾಳ ಮಂಗಾ ಬಗ್ಗೆ ಮಾತನಾಡಲು ಬೇಕಾದ ಗುಣ ಇದೇ. ಅವುಗಳಲ್ಲಿ ಒಳ್ಳೆಯವರು ಕೆಟ್ಟದ್ದನ್ನು ಮಾಡುತ್ತಾರೆ, ಕೆಟ್ಟವರಿಗೂ ಅಳು ಬರುತ್ತದೆ, ಓದುಗರು ಮಾತ್ರ ಬೇಗನೆ ಎರಡು ಪಕ್ಷವಾಗಿ ಬೈದಾಡಿಕೊಳ್ಳುತ್ತಾರೆ. ನಾಲ್ಕೈದು ಮಂದಿ ಗೆಳೆಯರು ಕದ್ರಿ ಪಾರ್ಕಿನಲ್ಲೋ ಮಣಿಪಾಲದ ಮಣ್ಣಪಳ್ಳದ ದಂಡೆಯಲ್ಲೋ ಕುಳಿತು ಹೀಗೆ ಮಾಡಿ ನೋಡಿ: ಎಲ್ಲರಿಗೂ ಅತ್ಯಂತ ಅಸಹ್ಯವಾದ ಪಾತ್ರವನ್ನು ಒಬ್ಬರು ವಹಿಸಿಕೊಂಡು, ಆ ಪಾತ್ರದ ಬಾಯಿಂದಲೇ ಹತ್ತು ನಿಮಿಷ ಮಾತನಾಡಲಿ. ‘ಎ ಸೈಲೆಂಟ್ ವಾಯ್ಸ್’ ಆದರೆ ಓದುಗರ ಸಿಟ್ಟಿಗೆ ಹೆಚ್ಚು ಗುರಿಯಾಗುವ ಸಹಪಾಠಿ ನಾವೋಕಾ ಉಎನೋ ಆಗಬಹುದು, ಕಿರುಕುಳ ಕಂಡೂ ಕಾಣದಂತಿದ್ದ ಶಿಕ್ಷಕನಾಗಬಹುದು. ಉಎನೋ ಪಾತ್ರ ವಹಿಸಿದವರು ‘ನಾನು ತಪ್ಪು ಮಾಡಿದೆ’ ಎಂಬಲ್ಲಿಂದ ಶುರು ಮಾಡಬಾರದು. ತರಗತಿಯಲ್ಲಿ ನಿಶಿಮಿಯಾಳಿಗೆ ಪಾಠ ತಿಳಿಸಿಕೊಡುವ ಹೊಣೆ ತನ್ನ ಮೇಲೆ ಹೇಗೆ ಬಿತ್ತು, ಅದನ್ನು ಹಿರಿಯರು ಯಾರೂ ಯಾಕೆ ಹೊರಲಿಲ್ಲ ಎಂಬಲ್ಲಿಂದ ಶುರು ಮಾಡಬೇಕು. ಅನಂತರ ಎದುರು ಪಾತ್ರ ಉತ್ತರಿಸಲಿ. ಮಾತು ಪುಸ್ತಕದಲ್ಲಿರುವ ಸಂಗತಿಯನ್ನು ಮೀರಬಾರದು ಎಂಬುದೊಂದೇ ಕಟ್ಟುಪಾಡು. ಇದರಿಂದ ಯಾರ ತಪ್ಪೂ ಕರಗುವುದಿಲ್ಲ, ಆದರೆ ತಪ್ಪು ಹೇಗೆ ಬೆಳೆಯಿತು ಎಂಬುದು ಕಾಣುತ್ತದೆ.

ತಾಳಮದ್ದಳೆಯ ಸಭೆಗೆ ಕಥೆ ಮೊದಲೇ ಗೊತ್ತಿರುತ್ತದೆ, ಮಂಗಾದ ಕೂಟದಲ್ಲಿ ಹಾಗಲ್ಲ. ಎಷ್ಟನೆಯ ಸಂಪುಟದವರೆಗೆ ಮಾತನಾಡುವುದೆಂದು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಇನ್ನೊಂದು ಮಾತು: ಕೂಟದಲ್ಲಿ ಒಬ್ಬರು ಸುಮ್ಮನೆ ಕುಳಿತಿದ್ದರೆ ಅವರನ್ನು ಮಾತಿಗೆ ಎಳೆಯಬೇಡಿ. ಕಿರುಕುಳವನ್ನು ಸ್ವತಃ ಅನುಭವಿಸಿದವರಿಗೆ ಕಿರುಕುಳದ ಕಥೆ ಚರ್ಚೆಯ ವಸ್ತುವಾಗಿ ಕಾಣುವುದಿಲ್ಲ.

ಆಕ್ಷೇಪಿಸುವುದು

ಪ್ರತಿಕ್ರಿಯೆ ಎಂದರೆ ಮೆಚ್ಚುಗೆ ಮಾತ್ರವಲ್ಲ. ತತ್ಸುಕಿ ಫುಜಿಮೊತೊ ಅವರ ‘ಲುಕ್ ಬ್ಯಾಕ್’ ಎಂಬ 143 ಪುಟಗಳ ಕಥೆ 2021ರ ಜುಲೈ 19ರಂದು ಅಂತರ್ಜಾಲದಲ್ಲಿ ಪ್ರಕಟವಾದಾಗ ಓದುಗರು ಅದನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ಚಿತ್ರ ಬರೆಯುವ ಇಬ್ಬರು ಹುಡುಗಿಯರ ಆ ಕಥೆಯಲ್ಲಿ ಒಂದು ಹಿಂಸಾಕೃತ್ಯ ನಡೆಯುತ್ತದೆ. ದಾಳಿಕೋರನ ಬಾಯಿಗೆ ಹಾಕಿದ್ದ ಮಾತುಗಳು ಮಾನಸಿಕ ಕಾಯಿಲೆಯುಳ್ಳವರೆಲ್ಲ ಅಪಾಯಕಾರಿಗಳು ಎಂಬ ಹಳೆಯ ಪೂರ್ವಗ್ರಹವನ್ನೇ ಮತ್ತೆ ಹೇಳುತ್ತವೆ ಎಂದು ಕೆಲವು ಓದುಗರು ಆಕ್ಷೇಪಿಸಿದರು. ಆಗಸ್ಟ್ ತಿಂಗಳಿನಲ್ಲೇ ಆ ಮಾತುಗಳನ್ನು ಬದಲಿಸಲಾಯಿತು, ಸೆಪ್ಟೆಂಬರಿನಲ್ಲಿ ಪುಸ್ತಕವಾಗಿ ಬಂದಾಗ ಮತ್ತೊಮ್ಮೆ ತಿದ್ದಲಾಯಿತು. ಅವರ ಆಕ್ಷೇಪಕ್ಕೆ ಬಲ ಬಂದದ್ದು, ಅದು ಇಡೀ ಕೃತಿಯನ್ನು ಜರೆಯದೆ ನಿರ್ದಿಷ್ಟ ಮಾತುಗಳ ಮೇಲೆ ಬೆರಳಿಟ್ಟಿದ್ದರಿಂದ ಎಂದು ನಾನು ನಂಬಿದ್ದೇನೆ.

ಪೋಷಕರೂ ಶಿಕ್ಷಕರೂ ಇದನ್ನು ಗಮನಿಸಬೇಕು. ಜಪಾನಿನ ಮತ್ಸುಎ ನಗರದಲ್ಲಿ ಶಿಕ್ಷಣ ಮಂಡಳಿಯ ಸೂಚನೆಯಂತೆ 2012ರ ಡಿಸೆಂಬರಿನಿಂದ ‘ಬೇರ್‌ಫುಟ್ ಗೆನ್’ ಪುಸ್ತಕವನ್ನು ಶಾಲಾ ಗ್ರಂಥಾಲಯಗಳ ಕಪಾಟಿನಿಂದ ತೆಗೆದು ಒಳಗಿಡಲಾಗಿತ್ತು. ಜಪಾನಿ ಸೈನಿಕರ ಕ್ರೌರ್ಯವನ್ನು ತೋರಿಸುವ ಚಿತ್ರಗಳು ಮಕ್ಕಳಿಗೆ ತಕ್ಕುದಲ್ಲ ಎಂಬುದು ಕಾರಣ. ವಿಷಯ ಹೊರಬಿದ್ದು ಪ್ರತಿಭಟನೆ ಎದ್ದು, 2013ರ ಆಗಸ್ಟಿನಲ್ಲಿ ಆ ನಿರ್ಬಂಧವನ್ನು ಹಿಂತೆಗೆದುಕೊಂಡರು. ನಕಾಝಾವಾ ಬಾಂಬು ಬಿದ್ದಾಗ ಆರು ವರ್ಷದ ಹುಡುಗ. ಹಿರೋಷಿಮಾದಲ್ಲಿ ಅಂದು ತಂದೆ, ಅಕ್ಕ, ತಮ್ಮನನ್ನು ಕಳೆದುಕೊಂಡವರು. ಆರು ವರ್ಷದ ಮಗು ಕಂಡದ್ದನ್ನು ಹನ್ನೆರಡರ ಮಗು ಓದಬಾರದೇ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ, ಮಗು ಯಾವುದು ಎಂಬುದರ ಮೇಲೆ ಉತ್ತರ ನಿಲ್ಲುತ್ತದೆ. ನಿಮ್ಮ ಮಗನ ಕೈಯಲ್ಲಿ ಇಂಥ ಪುಸ್ತಕ ಕಂಡರೆ ಕಸಿದುಕೊಳ್ಳಬೇಡಿ. ಅದೇ ಸಂಪುಟವನ್ನು ನೀವೂ ಓದಿ, ನಿಮ್ಮನ್ನು ಕಂಗೆಡಿಸಿದ ಪುಟವನ್ನು ಅವನಿಗೆ ತೋರಿಸಿ ಮಾತನಾಡಿ. ಓದದೆ ಆಡಿದ ಬುದ್ಧಿಮಾತಿಗೆ ಮಕ್ಕಳು ಕಿವಿಗೊಡುವುದಿಲ್ಲ.

ಬರೆದು ಹಂಚುವಾಗ

ನಾಲ್ಕಾರು ವಾಕ್ಯಗಳ ಟಿಪ್ಪಣಿ ಸಾಕು, ಅದನ್ನು ಕನ್ನಡದಲ್ಲೇ ಬರೆಯಿರಿ. ಮಂಗಾ ಕುರಿತು ಕನ್ನಡದಲ್ಲಿ ಸಿಗುವ ಬರಹ ಬಹಳ ಕಡಿಮೆ, ನಿಮ್ಮ ನಾಲ್ಕು ವಾಕ್ಯಗಳಿಗೂ ಓದುಗರಿರುತ್ತಾರೆ. ಎಚ್ಚರಿಕೆಯನ್ನು ಮೊದಲೇ ಹೇಳಿ, ಕಥೆಯ ತಿರುವನ್ನು ಹೇಳಬೇಡಿ, ನೋಡಬೇಕಾದ ಪುಟದತ್ತ ಕೈ ತೋರಿಸಿ. ಫುಮಿಯೊ ಕೋನೋ ಅವರ ‘ಟೌನ್ ಆಫ್ ಈವ್ನಿಂಗ್ ಕಾಮ್, ಕಂಟ್ರಿ ಆಫ್ ಚೆರ್ರಿ ಬ್ಲಾಸಮ್ಸ್’ ಬಗ್ಗೆ ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ:

“ಮೊದಲ ಕಥೆ ನಡೆಯುವುದು 1955ರ ಹಿರೋಷಿಮಾದಲ್ಲಿ, ಬಾಂಬು ಬಿದ್ದ ಹತ್ತು ವರ್ಷಗಳ ನಂತರ. ಬದುಕುಳಿದ ತರುಣಿಯೊಬ್ಬಳಿಗೆ ಸುಖವಾಗಿರುವ ಹಕ್ಕು ತನಗಿಲ್ಲವೆಂಬ ಭಾವ ಕಾಡುತ್ತದೆ. ರಕ್ತಸಿಕ್ತ ಚಿತ್ರಗಳು ಹೆಚ್ಚಿಲ್ಲ, ಆದರೆ ಸಾವಿನ ನೆನಪುಗಳೂ ವಿಕಿರಣದ ಕಾಯಿಲೆಯೂ ಇವೆ. ಮನೆಯಲ್ಲಿ ರೋಗಿಗಳಿರುವವರು ಯೋಚಿಸಿ ಓದಿ. ಗೆರೆಗಳು ಮೃದು, ಪಾತ್ರಗಳು ನಗುತ್ತಿರುತ್ತವೆ, ಅದರಿಂದಲೇ ನೋವು ತಡವಾಗಿ ತಟ್ಟುತ್ತದೆ. ಈ ಕಥೆಯ ಕೊನೆಯ ಪುಟಗಳಲ್ಲಿ ಚೌಕಟ್ಟುಗಳಿಗೆ ಏನಾಗುತ್ತದೆ ಎಂಬುದನ್ನು ಅವಸರಪಡದೆ ನೋಡಿ.”

‘ಇದನ್ನು ಓದಿ ಅಳದವರು ಮನುಷ್ಯರೇ ಅಲ್ಲ’ ಎಂಬಂಥ ವಾಕ್ಯಗಳನ್ನು ಬರೆಯಬೇಡಿ. ಕೆಲವರಿಗೆ ಅಳು ಬರುವುದಿಲ್ಲ, ಅವರ ಓದು ಅದರಿಂದ ಕಡಿಮೆಯದಾಗುವುದಿಲ್ಲ. ಯಾವ ಕಥೆ ಹೆಚ್ಚು ಕರಾಳ ಎಂಬ ಪಂದ್ಯ ಕಟ್ಟುವುದೂ ಬೇಡ. ಆತ್ಮಹತ್ಯೆಯ, ಸ್ವಯಂಹಾನಿಯ ಪುಟಗಳ ಚಿತ್ರವನ್ನು ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಹಾಕಲೇಬೇಡಿ. ಕಥೆಯಿಂದ ಕಿತ್ತ ಆ ಒಂದು ಚಿತ್ರ ಯಾರ ಕಣ್ಣಿಗೆ ಯಾವ ಗಳಿಗೆಯಲ್ಲಿ ಬೀಳುತ್ತದೆ ಎಂಬುದು ನಿಮ್ಮ ಕೈಯಲ್ಲಿರುವುದಿಲ್ಲ.

ಪುಸ್ತಕವನ್ನು ಬದಿಗಿಡಬೇಕಾದಾಗ

ಒಳ್ಳೆಯ ದುಃಖದ ಕಥೆ ಒಂದೆರಡು ದಿನ ಮನಸ್ಸಿನಲ್ಲಿ ಉಳಿಯುವುದು ಸಹಜ. ಕರುಣರಸವನ್ನು ಬೇಕೆಂದೇ ಹುಡುಕಿಕೊಂಡು ಹೋಗುವುದು ನಮ್ಮ ಕಾವ್ಯ, ನಾಟಕ, ಯಕ್ಷಗಾನದ ಆಟಗಳ ಪ್ರೇಕ್ಷಕರಿಗೂ ಹೊಸದಲ್ಲ. ಆದರೆ ವಾರ ಕಳೆದರೂ ನಿದ್ದೆ ಬರದಿದ್ದರೆ, ಊಟ ಬೇಡವಾಗಿದ್ದರೆ, ಪಾತ್ರದ ಹತಾಶೆಯನ್ನು ನಿಮ್ಮದೇ ಎಂಬಂತೆ ಮಾತನಾಡತೊಡಗಿದ್ದರೆ, ಸಾಯುವ ಯೋಚನೆ ಬರುತ್ತಿದ್ದರೆ, ಅದು ಪುಸ್ತಕದ ವಿಷಯವಾಗಿ ಉಳಿದಿಲ್ಲ. ಅಲ್ಲಿಗೆ ಓದು ನಿಲ್ಲಿಸಿ, ನಂಬುಗೆಯ ಒಬ್ಬರಿಗೆ ಹೇಳಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ ಇಪ್ಪತ್ತನಾಲ್ಕು ಗಂಟೆಯೂ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. ಮಂಗಳೂರು, ಮಣಿಪಾಲಗಳ ದೊಡ್ಡ ಆಸ್ಪತ್ರೆಗಳಲ್ಲಿ ಮನೋರೋಗ ಚಿಕಿತ್ಸಾ ವಿಭಾಗಗಳಿವೆ, ಹೋಗಲು ಸಂಕೋಚ ಬೇಡ. ಗೆಳೆಯನೊಬ್ಬ ಕಥೆಯ ಬಗ್ಗೆ ಮಾತನಾಡುತ್ತ ತನ್ನ ಬಗ್ಗೆಯೇ ಹೇಳುತ್ತಿದ್ದಾನೆ ಎನಿಸಿದರೆ, ಕಥೆಯ ಚರ್ಚೆಯನ್ನು ಅಲ್ಲಿಯೇ ಬಿಟ್ಟು, ಸಾಯಬೇಕೆಂದು ಅನಿಸುತ್ತಿದೆಯೇ ಎಂದು ಅವನನ್ನು ನೇರವಾಗಿ ಕೇಳಿ. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಅವನ ಉತ್ತರ ಹೌದೆಂದಾದರೆ ಅವನನ್ನು ಒಂಟಿಯಾಗಿ ಬಿಡದೆ ಸಹಾಯ ಸಿಗುವವರೆಗೆ ಜೊತೆಗಿರಿ.

ಅಷ್ಟೇನೂ ಆಗಿರದೆ ಬರಿಯ ಆಯಾಸವಾಗಿದ್ದರೆ, ಮುಂದಿನ ಪುಸ್ತಕ ಹಗುರವಾದದ್ದಾಗಿರಲಿ. ಮುಗಿಸಿದ ಸಂಪುಟವನ್ನು ಇನ್ನೊಬ್ಬರಿಗೆ ಓದಲು ಕೊಡುವಾಗ, ಯಾವ ಅಧ್ಯಾಯವನ್ನು ರಾತ್ರಿ ಮಲಗುವ ಮುನ್ನ ಓದಬಾರದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಮೊದಲ ಪುಟದೊಳಗೆ ಇಟ್ಟುಕೊಡಿ.